ವಿನೆಗರ್ ಪೀಪಾಯಿಗೆ ಬಿದ್ದ ಬರೋಲೊ

ಸಾವೇರಿಯಾ ಸೆರ್ರಾಲುಂಗಾದ ಬೆಟ್ಟಕ್ಕೆ ಸೊಸೆಯಾಗಿ ಬಂದದ್ದು ಮದುವೆ ದಲ್ಲಾಳಿಯ ಮಾತು ನಂಬಿ. ಆ ಕಾಲದಲ್ಲಿ ನಮ್ಮ ಬೆಟ್ಟದ ಹುಡುಗಿಯರಿಗೆಲ್ಲ ಪಟ್ಟಣದ ಕಾರ್ಖಾನೆಯ ಗಂಡೇ ಆಗಬೇಕು. ದ್ರಾಕ್ಷಿತೋಟದಲ್ಲಿ ಮೈ ಕೆಸರು ಮಾಡಿಕೊಳ್ಳುವವನು ಯಾರಿಗೂ ಬೇಡ. ಹಾಗಾಗಿ ದಲ್ಲಾಳಿಗಳು ದೂರದ ದಕ್ಷಿಣದ ಕಲಾಬ್ರಿಯಾದಿಂದ ಹೆಣ್ಣು ತರುತ್ತಿದ್ದರು. ತಂದ ಮೇಲೆ ಅವರ ಮಾತು, ಮೈಬಣ್ಣ, ಮೆಣಸಿನಕಾಯಿ ಎಲ್ಲದಕ್ಕೂ ಊರು ಮೂಗು ಮುರಿಯುತ್ತಿತ್ತು. ನಮ್ಮ ಜನವೇ ಹಾಗೆ.

ಗಂಡ ಡಾಲ್ಮಾಜೊ ಒಳ್ಳೆಯವನು, ಬಾಯಿಲ್ಲದವನು. ಮನೆಯ ಬಾಯೆಲ್ಲ ಅತ್ತೆ ಒತ್ತಾವಿಯಾಳ ಪಾಲಿಗೆ ಹೋಗಿತ್ತು. ಮಾವ ಸೆಕೊಂಡೊ ಮಾತ್ರ ಮೊದಲ ದಿನವೇ ತನ್ನ ತೋಟದ ಬರೋಲೊ ವೈನನ್ನು ಲೋಟಕ್ಕೆ ಸುರಿದು ಅವಳ ಮುಂದಿಟ್ಟಿದ್ದ. ಒಂದು ಗುಟುಕು ಕುಡಿದದ್ದೇ ತಡ, ಆ ಒಗರಿಗೆ ಅವಳ ಮುಖ ಕಿವುಚಿಹೋಯಿತು.

"ಇದೊಂದನ್ನೇ ಕುಡಿದ್ರೆ ಹಿಂಗೇ ಜಗಳಕ್ಕೆ ಬರುತ್ತೆ ಕಣಮ್ಮ," ಎಂದು ಮಾವ ನಕ್ಕ. "ಕೊಬ್ಬಿರೋ ಮಾಂಸ ಕೊಡು, ಹಳೇ ಚೀಸ್ ಕೊಡು. ಆಮೇಲೆ ನೋಡು, ಹೆಂಗೆ ಮೆತ್ತಗಾಗುತ್ತೆ."

ಅದೇ ವೈನಿನಲ್ಲಿ ಬೆಂದ ದನದ ಮಾಂಸವನ್ನು ಬಾಯಿಗಿಟ್ಟು ಅವಳು ಮತ್ತೆ ಕುಡಿದಳು. ಮಾವ ಹೇಳಿದ್ದು ನಿಜವಾಗಿತ್ತು.

ದ್ರಾಕ್ಷಿ ಕುಯ್ಲು ಮುಗಿದ ಮೇಲೆ ಅತ್ತೆ ಅವಳನ್ನು ನೆಲಮಾಳಿಗೆ ಗುಡಿಸಲು ಕಳಿಸಿದಳು. ಮೂಲೆಯ ಗೂಡಿನಲ್ಲಿ ಚೀಟಿಯಿಲ್ಲದ ಒಂದು ಸೀಸೆ ಮಲಗಿತ್ತು. ದೀಪಕ್ಕೆ ಹಿಡಿದು ನೋಡಿದರೆ ಕೆಂಪು ಹೋಗಿ ಇಟ್ಟಿಗೆಯ ಬಣ್ಣ, ಅಡಿಯಲ್ಲಿ ಕಪ್ಪು ಗಷ್ಟು. ಅವಳ ತವರಿನಲ್ಲಿ ವೈನೆಂದರೆ ಮುಂದಿನ ಕುಯ್ಲಿನೊಳಗೆ ಕುಡಿದು ಮುಗಿಸುವ ಪದಾರ್ಥ. ಹೀಗಾಯಿತೆಂದರೆ ಕೆಟ್ಟಿತೆಂದೇ ಅರ್ಥ. ಚೆಲ್ಲಲು ಮನಸ್ಸು ಬಾರದೆ ಜಾಣೆ ಬಿರಡೆ ಕಿತ್ತು, ಕೆಟ್ಟ ವೈನನ್ನು ಹುಳಿಯಲು ಬಿಡುವ ವಿನೆಗರ್ ಪೀಪಾಯಿಗೆ ಸುರಿದಳು. ಸಾಲದ್ದಕ್ಕೆ ಸೀಸೆಯನ್ನು ಫಳಫಳ ತೊಳೆದು ಅತ್ತೆಯ ಮುಂದಿಟ್ಟಳು.

"ಅಯ್ಯೋ ಹಾಳಾದೋಳೆ!" ಒತ್ತಾವಿಯಾಳ ಕೂಗು ಬೀದಿಗೆ ಕೇಳಿತು. "ನನ್ನ ಮಗ ಹುಟ್ಟಿದ ವರ್ಷದ ಸೀಸೆ ಕಣೇ ಅದು! ಅವನ ಮಗು ನಾಮಕರಣಕ್ಕೆ ಅಂತ ಕಾದಿಟ್ಟಿದ್ದು! ಭಾನುವಾರ ದಲ್ಲಾಳಿ ಬರ್ಲಿ. ಎಲ್ಲಿಂದ ತಂದನೋ ಅಲ್ಲೇ ಬಿಟ್ಟುಬರ್ಲಿ ನಿನ್ನ."

ಸೆಕೊಂಡೊ ಕೆಳಗಿಳಿದು ಪೀಪಾಯಿ ಮೂಸಿ ನೋಡಿ ಬಂದ. ತೊಳೆದ ಸೀಸೆಯನ್ನು ಒಮ್ಮೆ ಸವರಿ ಕೆಳಗಿಟ್ಟ. ಅತ್ತೆಯ ಬೈಗುಳಕ್ಕಿಂತ ಅದೇ ಅವಳ ಎದೆಗೆ ಚುಚ್ಚಿತು. ತವರಿನಲ್ಲಿ ಮದುವೆಯಾಗದ ತಂಗಿಯರಿದ್ದಾರೆ. ಅಕ್ಕ ವಾಪಸ್ ಬಂದರೆ ಅವರ ಗತಿಯೂ ಮುಗಿಯಿತು. ಅಳುತ್ತಲೇ ಪೆಟ್ಟಿಗೆ ಕಟ್ಟಿದಳು. "ಹೋಗ್ಬೇಡ," ಎಂದ ಡಾಲ್ಮಾಜೊ. ಅಮ್ಮನ ಮುಂದೆ ಅದನ್ನು ಹೇಳುವ ಧೈರ್ಯ ಮಾತ್ರ ಪುಣ್ಯಾತ್ಮನಿಗೆ ಇರಲಿಲ್ಲ.

ಭಾನುವಾರ ದಲ್ಲಾಳಿ ಹಸಿದೇ ಬಂದ. ಒತ್ತಾವಿಯಾ ಸಿಟ್ಟಿಗೆ ಮಾಂಸ ಬೇಯಿಸದೆ ಬರೀ ಎಲೆಕೋಸು ಬೇಯಿಸಿದ್ದಳು. ಸೆಕೊಂಡೊ ಬರೋಲೊ ಗುಟುಕರಿಸಿ ಮುಖ ಸಿಂಡರಿಸಿದ.

"ಇವತ್ತು ಇದಕ್ಕೂ ಸಿಟ್ಟು ಬಂದಿದೆ," ಎಂದ.

ಸಾವೇರಿಯಾ ಎದ್ದುಹೋಗಿ ಪೆಟ್ಟಿಗೆ ಬಿಚ್ಚಿದಳು. ಅಮ್ಮ ಕೊಟ್ಟುಕಳಿಸಿದ್ದ ಕುರಿಹಾಲಿನ ಗಟ್ಟಿ ಚೀಸ್ ಅದರಲ್ಲಿತ್ತು. ಹೆಚ್ಚಿ ತಂದು ಮಾವನ ಮುಂದಿಟ್ಟಳು.

"ಇದ್ರ ಜೊತೆ ಕುಡೀರಿ ಮಾವ. ನೀವೇ ಹೇಳಿದ್ರಲ್ಲ."

ಸೆಕೊಂಡೊ ಒಂದು ಚೂರು ತಿಂದು ಕುಡಿದ, ಇನ್ನೊಂದು ತಿಂದು ಕುಡಿದ. ಅವನ ಹುಬ್ಬಿನ ಗಂಟು ಸಡಿಲಿತು. ತಟ್ಟೆಯನ್ನು ಹೆಂಡತಿಯತ್ತ ತಳ್ಳಿದ. ಒತ್ತಾವಿಯಾ ಬೇಡವೆಂಬಂತೆ ಮುಖ ಮಾಡಿ ಒಂದು ಚೂರು ಬಾಯಿಗೆ ಹಾಕಿಕೊಂಡಳು.

"ಉಪ್ಪು ಜಾಸ್ತಿ," ಎನ್ನುತ್ತ ಮತ್ತೊಂದಕ್ಕೆ ಕೈಚಾಚಿದಳು.

"ಹಂಗಾದ್ರೆ ಹುಡುಗೀನ ನಾಳೆ ರೈಲಿಗೆ..." ಎಂದು ದಲ್ಲಾಳಿ ಗಂಟಲು ಸರಿಮಾಡಿಕೊಂಡ.

"ನೀನು ಚೀಸ್ ತಿಂದು ಸುಮ್ನೆ ಎದ್ದುಹೋಗಯ್ಯಾ," ಎಂದ ಸೆಕೊಂಡೊ. ಒತ್ತಾವಿಯಾ ತುಟಿ ಬಿಚ್ಚಲಿಲ್ಲ, ಬಾಯಿತುಂಬ ಚೀಸ್ ಇತ್ತು.

ಆಮೇಲೆ ಅವನು ಸೊಸೆಯನ್ನು ನೆಲಮಾಳಿಗೆಗೆ ಕರೆದೊಯ್ದು ದೊಡ್ಡ ಪೀಪಾಯಿಯೊಂದರ ಮೇಲೆ ಕೈಯಿಟ್ಟ.

"ಇದು ನೀನು ಬಂದ ವರ್ಷದ ವೈನು. ಸೀಸೆಗೆ ಇಳಿಸಿದ ದಿನ ಆ ಖಾಲಿ ಗೂಡಲ್ಲಿ ಒಂದನ್ನ ನೀನೇ ಇಡ್ಬೇಕು. ಹದಕ್ಕೆ ಬಂದು ಇಟ್ಟಿಗೆ ಬಣ್ಣ ತಿರುಗೋಕೆ ಇಪ್ಪತ್ತು ವರ್ಷ ಬೇಕು. ಬಿರಡೆ ತೆಗೆಯೋಳೂ ನೀನೇ. ಅಲ್ಲೀವರೆಗೆ ಎಲ್ಲಿಗೂ ಹೋಗೋ ಹಂಗಿಲ್ಲ, ತಿಳೀತಾ?"

ಅವಳು ಹೋಗಲಿಲ್ಲ. ಇಪ್ಪತ್ತು ವರ್ಷ ದಾಟಿದ ಮೇಲೆ ತನ್ನ ಮಗಳ ಮದುವೆಯ ದಿನ ಆ ಬಿರಡೆ ತೆಗೆದಾಗ ಸೆಕೊಂಡೊ ಬದುಕಿರಲಿಲ್ಲ; ಮೇಜಿನ ತುದಿಯ ಯಜಮಾನನ ಕುರ್ಚಿಯಲ್ಲಿ ಕೋಲು ಹಿಡಿದ ಒತ್ತಾವಿಯಾ ಕೂತಿದ್ದಳು. ವೈನಿನಲ್ಲಿ ಬೆಂದ ಮಾಂಸವಿತ್ತು, ಕಲಾಬ್ರಿಯಾದ ಚೀಸ್ ಇತ್ತು. ಗಷ್ಟು ಕದಡದಂತೆ ಸಾವೇರಿಯಾ ಉಸಿರು ಬಿಗಿಹಿಡಿದು ಸುರಿದಳು. ಮುದುಕಿ ಲೋಟವನ್ನು ಬೆಳಕಿಗೆ ಹಿಡಿದಳು. ಇಟ್ಟಿಗೆಯ ಬಣ್ಣ.

"ಕೆಟ್ಟೋಗಿದೆ ಕಣೇ. ವಿನೆಗರ್ ಪೀಪಾಯಿಗೆ ಸುರಿದ್ಬಿಡು."

ಎಲ್ಲರೂ ಗೊಳ್ಳೆಂದರು. ಸಾವೇರಿಯಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಮುದುಕಿ ಲೋಟ ಬರಿದುಮಾಡಿ ಮತ್ತೆ ಮುಂದೆ ಚಾಚಿದಳು. "ಅಳೋದು ಆಮೇಲೆ. ಇನ್ನೊಂದು ಚೂರು ಹಾಕು ಮಗಳೇ, ಆ ನಿಮ್ಮಮ್ಮನ ಚೀಸ್ ಇತ್ತ ತಳ್ಳು."