ಟವರಿನ ನೆರಳು, ಹಲಸಿನ ಹಪ್ಪಳ

ಮುಂಬಯಿ ಪಕ್ಕದ ಠಾಣೆ ಊರಿನಲ್ಲಿ ನಾವಿದ್ದ ನಾಲ್ಕು ಮಾಳಿಗೆಯ ಕಟ್ಟಡದ ಟೆರೇಸು ಏಪ್ರಿಲ್, ಮೇ ತಿಂಗಳಲ್ಲಿ ಅಮ್ಮನದು. ಹಾಗೆಂದು ಸೊಸೈಟಿಯ ಯಾವ ಕಾಗದದಲ್ಲೂ ಬರೆದಿರಲಿಲ್ಲ, ಆದರೆ ಅಲ್ಲವೆನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಉಡುಪಿಯ ಕಡೆಯಿಂದ ಮದುವೆಯಾಗಿ ಬಂದವಳು ಇಲ್ಲಿಯ ಮಾರ್ಕೆಟ್ಟಿನಲ್ಲೇ ಬಲಿತ ಹಲಸಿನಕಾಯಿ ಹುಡುಕಿ, ಬೇಯಿಸಿ, ರುಬ್ಬಿ, ಉಲ್ಹಾಸನಗರದಿಂದ ತಂದ ಪ್ಲಾಸ್ಟಿಕ್ ಹಾಳೆಯ ಮೇಲೆ ಹಪ್ಪಳ ಒತ್ತುತ್ತಿದ್ದಳು. ಮಳೆ ಹಿಡಿದ ಮೇಲೆ ಕಟ್ಟಡದ ಪ್ರತಿ ಮನೆಗೂ ಒಂದೊಂದು ಕಟ್ಟು ಹೋಗುತ್ತಿತ್ತು. ಅಮ್ಮನಿಗೆ ಓದು ಕಡಿಮೆ, ಮರಾಠಿ ಅಷ್ಟಕ್ಕಷ್ಟೆ. ಎಲ್ಲರೂ ಅವಳನ್ನು ಬಲ್ಲದ್ದು ಹಪ್ಪಳದಿಂದಲೇ, ಮತ್ತು ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಕ್ಕೆ ಪೂರ್ವದ ಕಡೆ ಒಂದು ಟವರ್ ಎದ್ದು ಬೆಳಗಿನ ಬಿಸಿಲನ್ನು ತೆಗೆದುಕೊಂಡಿತು. ಅಮ್ಮ ಗೊಣಗಿ ಸುಮ್ಮನಾದಳು, ಮಧ್ಯಾಹ್ನದ್ದು ಇತ್ತಲ್ಲ. ಆಮೇಲೆ ರಸ್ತೆಯಾಚೆ ಪಶ್ಚಿಮಕ್ಕೆ, ಮುಚ್ಚಿಹೋದ ಕಾರ್ಖಾನೆಯ ಜಾಗದಲ್ಲಿ ಇನ್ನೊಂದು ಶುರುವಾಯಿತು. ನಾನು ಆಗಷ್ಟೇ ನವಿ ಮುಂಬಯಿಯ ಮಹಾಪೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಸಂಜೆ ಬಸ್ಸಿಳಿದ ಕೂಡಲೇ ಕತ್ತೆತ್ತಿ ಮಾಳಿಗೆ ಎಣಿಸುವುದು ಚಟವಾಯಿತು. ನಿಜ ಹೇಳುತ್ತೇನೆ, ನನಗೆ ಆ ಕಟ್ಟಡ ಬಹಳ ಇಷ್ಟವಾಗಿತ್ತು. ಕಳೆದ ತಿಂಗಳು ಬರೀ ಕಾಗೆ ಹಾರುತ್ತಿದ್ದ ಕಡೆ ಈ ತಿಂಗಳು ಮನುಷ್ಯರು ನಿಂತು ಬೀಡಿ ಸೇದುತ್ತಿದ್ದರು. ನೋಡಿದರೆ ಮೈ ಜುಂ ಎನ್ನುತ್ತಿತ್ತು. ಅಮ್ಮನೆದುರು ಮಾತ್ರ ಈ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ.

ಅವಳು ಟವರನ್ನು ಅಳೆಯುತ್ತಿದ್ದದ್ದು ನೆರಳಿನಿಂದ. ಮೊದಲು ನಾಲ್ಕು ಗಂಟೆಗೆ ಬರುತ್ತಿದ್ದ ನೆರಳು ಒಂದೊಂದು ಸ್ಲ್ಯಾಬಿಗೂ ಸ್ವಲ್ಪ ಸ್ವಲ್ಪ ಮುಂಚೆ ಬಂದು, ಮೂರೂವರೆಗೆ, ಮೂರಕ್ಕೆ ಚಾಪೆಯ ಅಂಚು ಮುಟ್ಟತೊಡಗಿತು. ಅಮ್ಮ ಚಾಪೆಗಳನ್ನು ಎಳೆದುಕೊಂಡು ಬಿಸಿಲಿನ ಹಿಂದೆ ಓಡಿದಳು. ಕೊನೆಗೆ ಟೆರೇಸೇ ಮುಗಿಯಿತು. ಆ ಮಳೆಗಾಲದಲ್ಲಿ ಡಬ್ಬಿ ತೆರೆದರೆ ಹಪ್ಪಳಕ್ಕೆಲ್ಲ ಬೂಷ್ಟು. ಯಾರ ಮನೆಗೂ ಕಟ್ಟು ಹೋಗಲಿಲ್ಲ. ಕೆಳಗಿನ ಮನೆಯಾಕೆ ಈ ಸಲ ಹಪ್ಪಳ ಇಲ್ಲವೇ ಎಂದು ಸಹಜವಾಗಿ ಕೇಳಿದ್ದಕ್ಕೆ ಅಮ್ಮ ಒಳಗೆ ಬಂದು ಅತ್ತುಬಿಟ್ಟಳು.

ಮುಂದಿನ ವರ್ಷ ಏಪ್ರಿಲ್‌ನ ಒಂದು ಭಾನುವಾರ ಮಧ್ಯಾಹ್ನ ಅವಳು ನನ್ನನ್ನೂ ಎಳೆದುಕೊಂಡು ಸೀದಾ ಸೈಟಿನ ಗೇಟಿಗೆ ಹೋದಳು. ನನಗೆ ನಾಚಿಕೆಯಿಂದ ಸಾಯುವ ಹಾಗಾಗಿತ್ತು. ಅಲ್ಲಿದ್ದ ಇಂಜಿನಿಯರು ಬಾಗಲಕೋಟೆಯ ಕಡೆಯವನೆಂದು ತಿಳಿದದ್ದೇ ತಡ, ಅಮ್ಮನಿಗೆ ಎಲ್ಲಿಲ್ಲದ ಧೈರ್ಯ ಬಂತು. ನೆರಳಿನ, ಹಪ್ಪಳದ ಕತೆಯೆಲ್ಲ ಹೇಳಿದಳು.

"ಮೇ ತಿಂಗಳು ಒಂದು ಕಳೀಲಿ ಮಾರಾಯ್ರೆ," ಅಂದಳು. "ಆಮೇಲೆ ಎಷ್ಟು ಎತ್ತರ ಬೇಕಾದ್ರೂ ಕಟ್ಟಿ."

ಅವನು ನಗಲಿಲ್ಲ. ಅದಕ್ಕಾಗಿ ಅವನನ್ನು ಇಂದಿಗೂ ನೆನೆಯುತ್ತೇನೆ. "ಹಪ್ಪಳದ ಸಲುವಾಗಿ ಕೆಲಸ ನಿಂದ್ರಸಾಕ ಬರೂದಿಲ್ರಿ ಕಾಕೂ. ಬರ್ರಿ, ಮ್ಯಾಲ ಹೋಗಿ ನೋಡೋಣು, ನೆರಳು ಎಲ್ಲೆಲ್ಲಿ ಬೀಳ್ತದ ಅಂತ," ಎಂದು ನಮ್ಮಿಬ್ಬರ ತಲೆಗೂ ಹಳದಿ ಹೆಲ್ಮೆಟ್ಟು ಇಟ್ಟ.

ಕಟ್ಟಡದ ಹೊರಮೈಗೆ ಅಂಟಿಕೊಂಡು ಏರುವ, ಕಂಬಿಗಳ ಪಂಜರದಂಥ ಲಿಫ್ಟು ಅದು. ಅಮ್ಮ ಕಣ್ಣು ಮುಚ್ಚಿದವಳು ತೆರೆದದ್ದು ಇಪ್ಪತ್ತೆರಡನೇ ಮಾಳಿಗೆಯಲ್ಲೇ. ತೆರೆದವಳು ಹಾಗೇ ನಿಂತುಬಿಟ್ಟಳು. ಹೊಸದಾಗಿ ಹಾಕಿದ ಸ್ಲ್ಯಾಬು ಗಟ್ಟಿಯಾಗಲೆಂದು ಅದರ ಮೇಲೆ ಗೇಣೆತ್ತರದ ಬದು ಕಟ್ಟಿ, ಚೌಕ ಚೌಕ ಮಾಡಿ ನೀರು ನಿಲ್ಲಿಸಿದ್ದರು. ಚೌಕದ ಒಳಗೆಲ್ಲ ಆಕಾಶ. ನಾಟಿಗೆ ಹದ ಮಾಡಿದ ಗದ್ದೆಯೇ ಸರಿ.

"ಗದ್ದೆ," ಅಂದಳು ಅಮ್ಮ, ಮೆಲ್ಲಗೆ. ಬಗ್ಗಿ ನೀರು ಮುಟ್ಟಿ ಆ ಕೈಯನ್ನು ಕಣ್ಣಿಗೊತ್ತಿಕೊಂಡಳು.

ಸುತ್ತಲೂ ನಾನು ಹುಟ್ಟಿ ಬೆಳೆದ ಊರು, ಆದರೆ ನನಗೆ ಗುರುತೇ ಹತ್ತಲಿಲ್ಲ. ಊರೊಳಗೆ ಚಾಚಿದ ಸಮುದ್ರದ ಖಾಡಿಯ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಕಲ್ಯಾಣದ ಕಡೆಯ ಲೋಕಲ್ ರೈಲು ಪಾರಸಿಕ್ ಗುಡ್ಡದ ಸುರಂಗದೊಳಗೆ ನುಗ್ಗುವುದು ಸದ್ದಿಲ್ಲದೆ ಕಂಡಿತು. ಗುಡ್ಡದಾಚೆ ನವಿ ಮುಂಬಯಿಯ ಗಾಜಿನ ಕಟ್ಟಡಗಳು ಮಿನುಗಿದವು. ಎತ್ತ ನೋಡಿದರೂ ಕ್ರೇನುಗಳು. ಇಷ್ಟು ದೊಡ್ಡದನ್ನು ಬೀಡಿ ಸೇದುವ ಮನುಷ್ಯರೇ ಕಟ್ಟುತ್ತಿದ್ದಾರೆಂದು ನೆನೆದು ನಾನು ಕ್ರೇನುಗಳನ್ನು ಎಣಿಸತೊಡಗಿದೆ.

ಅಮ್ಮ ಕೆಳಗೆ ನೋಡುತ್ತಿದ್ದಳು. ನಮ್ಮ ಟೆರೇಸು ನೆರಳಿನಲ್ಲಿ ಮುಳುಗಿತ್ತು. ಆದರೆ ರಸ್ತೆಯ ಈಚೆಗೆ, ನಾವು ನಿಂತಿದ್ದ ಟವರಿನ ಪಕ್ಕದಲ್ಲೇ, ಸಾಲು ಕೋಣೆಗಳ ಒಂದು ಹಳೆಯ ಮೂರು ಮಾಳಿಗೆಯ ಚಾಳಿನ ಮೇಲೆ ಬಿಸಿಲು ಧಗಧಗ ಎನ್ನುತ್ತಿತ್ತು. ಅಲ್ಲಿ ಸೀರೆ ಹಾಸಿ ಯಾರೋ ಬೆಳ್ಳಗೆ ಏನನ್ನೋ ಒಣಗಿಸಿದ್ದರು. ಅಮ್ಮ ಅದನ್ನು ಬೆರಳು ತೋರಿಸಿ, ಅಲ್ಲಿಗೆ ಯಾವ ಗಲ್ಲಿಯಿಂದ ಹೋಗಬೇಕೆಂದು ಇಂಜಿನಿಯರನ್ನು ಎರಡೆರಡು ಸಲ ಕೇಳಿ ತಿಳಿದುಕೊಂಡಳು.

ಮರುದಿನವೇ ಚಾಪೆ ಹೊತ್ತುಕೊಂಡು ಹೋದಳು. ಆ ಚಾಳಿನ ಮರಾಠಿ ಅಜ್ಜಿ ಕುರ್ಡಯಿ ಒಣಗಿಸುತ್ತಿದ್ದಳು, ನಮ್ಮ ಶಾವಿಗೆ ಸಂಡಿಗೆಯಂಥದ್ದು. ಅಮ್ಮ ತನ್ನ ಮುರುಕು ಮರಾಠಿಯಲ್ಲಿ ಏನು ಹೇಳಿದಳೋ, ಅಜ್ಜಿ ಸೀರೆಯನ್ನು ಮಡಿಚಿ ಅರ್ಧ ಟೆರೇಸು ಬಿಟ್ಟುಕೊಟ್ಟಳಂತೆ. ಏಳೆಂಟು ಬೇಸಿಗೆ ಹಾಗೇ ನಡೆಯಿತು. ಹಪ್ಪಳದ ಮೊದಲ ಕಟ್ಟು ಅಜ್ಜಿಗೆ, ಎರಡನೆಯದು ಇಂಜಿನಿಯರು ಅಲ್ಲಿರುವವರೆಗೂ ಅವನಿಗೆ.

ಆಮೇಲೆ ನಮ್ಮ ಕಟ್ಟಡದ ಸರದಿಯೂ ಬಂತು. ಕೆಡವಿ, ನಮಗೆಲ್ಲ ಅದರಲ್ಲೇ ಮನೆ ಕೊಡುವ ಮಾತಿನ ಮೇಲೆ ಟವರ್ ಕಟ್ಟಿದರು. ಯಾವ ಮಾಳಿಗೆ ಬೇಕೆಂದು ಕೇಳಿದಾಗ ವಯಸ್ಸಾದವರೆಲ್ಲ ಕೆಳಗಿನದನ್ನು ಕೇಳಿದರು. ಅಮ್ಮ ಬಿಸಿಲು ಬರುವಲ್ಲಿ ಅಂದಳು. ಇಪ್ಪತ್ತೇಳನೆಯದು ಸಿಕ್ಕಿತು. ಮೊದಲ ಬೆಳಗ್ಗೆ ಬಾಲ್ಕನಿಗೆ ಹೋದವಳು ಬಹಳ ಹೊತ್ತು ಒಳಗೆ ಬರಲಿಲ್ಲ. ನಾನು ಚಹಾ ಹಿಡಿದು ಹೋದೆ. ನಮ್ಮ ಟವರಿನ ನೆರಳು ರಸ್ತೆ ದಾಟಿ ಹೋಗಿ ಅಜ್ಜಿಯ ಚಾಳಿನ ಮೇಲೆ ಬಿದ್ದಿತ್ತು. ಚಾಳಿನ ಮಧ್ಯಾಹ್ನದ ಬಿಸಿಲನ್ನು ಅದರ ಹಿಂದೆ ಎದ್ದ ಇನ್ನೊಂದು ಹೊಸ ಟವರ್ ಆಗಲೇ ತೆಗೆದುಕೊಂಡಿತ್ತು. ಬೆಳಗಿನದನ್ನು ಈಗ ನಾವು ತೆಗೆದುಕೊಂಡಿದ್ದೆವು.

ಅಮ್ಮ ಚಹಾ ಕುಡಿಯಲಿಲ್ಲ. ಸೆಕ್ರೆಟರಿಯ ಮನೆಗೆ ಹೋಗಿ, ಯಾರಿಗೂ ಕೊಡದ ಟೆರೇಸಿನ ಬೀಗದ ಕೈಯನ್ನು ಜಗಳವಾಡಿ ತಂದಳು. ಆಮೇಲೆ ಚಪ್ಪಲಿ ಮೆಟ್ಟಿ ಕೆಳಗಿಳಿದಳು.

ಅರ್ಧ ಗಂಟೆಯಲ್ಲಿ ಇಬ್ಬರೂ ಲಿಫ್ಟಿನ ಮುಂದಿದ್ದರು, ಅಜ್ಜಿಯ ಕಂಕುಳಲ್ಲಿ ಮಡಿಚಿದ ಸೀರೆ, ಅಮ್ಮನ ತಲೆಯ ಮೇಲೆ ಕುರ್ಡಯಿ ಹಿಟ್ಟಿನ ಪಾತ್ರೆ. ಬಾಗಿಲು ಮುಚ್ಚಿದ್ದೇ ಅಜ್ಜಿ ಕಣ್ಣು ಮುಚ್ಚಿಕೊಂಡಳು. ಮೇಲೆ ಮುಟ್ಟುವವರೆಗೂ ಅಮ್ಮನ ಕೈ ಬಿಡಲಿಲ್ಲ.