ಸರ್ವರ್‌ಗೆ ಹಚ್ಚಿದ ಕೂಲರ್

ನೀವೇ ಹೇಳಿ ಗೆಳೆಯರೇ, ನಾನು ಕಂಪ್ಯೂಟರ್ ಎಂಜಿನಿಯರಿಂಗ್ ಓದಿದ್ದು ಯಾತಕ್ಕೆ? ನಾನು ತಿಂಗಳಿಗೊಮ್ಮೆ ಹೋಗಿ ನೋಡಿಕೊಳ್ಳುವ, ಬಳ್ಳಾರಿಯ ಜೀನ್ಸ್ ಸಾಹುಕಾರರೊಬ್ಬರ ವೆಬ್‌ಸೈಟ್ ಇವತ್ತು ಬೆಳಿಗ್ಗೆಯಿಂದ ತೆರೆಯುತ್ತಿರಲಿಲ್ಲ. ಪ್ಯಾಂಟಿನ ಫೋಟೊ ಚಿಕ್ಕದು ಮಾಡುವ ಒಂದು ಪ್ರೊಸೆಸ್ ನಿಲ್ಲದೆ ಓಡುತ್ತ ಇಡೀ ಸಿಪಿಯು ನುಂಗಿ, ಸೈಟ್ ತೆರೆಯಲು ಬಿಡುವೇ ಉಳಿಸಿರಲಿಲ್ಲ. ಅದನ್ನು ಹುಡುಕಲು ಮೂರು ತಾಸು ಬೇಕಾಯಿತು. ಅಷ್ಟರಲ್ಲಿ ಸಾಹುಕಾರರು ಅವರ ಅಂಗಡಿಯಲ್ಲೇ ಇದ್ದ, ಸೈಟ್ ನಡೆಸುವ ಸರ್ವರ್ ಕಂಪ್ಯೂಟರ್ ಮುಂದೆ ಏರ್ ಕೂಲರ್ ತಂದಿಟ್ಟರು.

"ಈ ಬಿಸಲಿಗೆ ಮನಷ್ಯಾರೇ ತಡಿಯಂಗಿಲ್ಲ, ಮಿಷನ್ ಏನ್ ತಡೀತೈತಿ?"

"ಬಿಸಲಲ್ರಿ ಸಾವ್ಕಾರ್ರ, ಪ್ರೋಗ್ರಾಮಿನಾಗ ತಪ್ಪೈತಿ."

ಪ್ರೊಸೆಸ್ ನಿಲ್ಲಿಸಿ ಕೋಡ್ ತಿದ್ದಿದೆ. ಸೈಟ್ ತೆರೆಯಿತು.

"ನೋಡಿದ್ಯಾ? ಕೂಲರ್ ಹಚ್ಚಿದ ಕೂಡ್ಲೇ ಸರಿಹೋತು! ಇನ್ನ ನೀ ತಿಂಗಳಾ ತಿಂಗಳಾ ಬರಾದು ಬ್ಯಾಡ. ಹೋಗಾ ಮುಂದ ಇದಕ್ಕ ನೀರು ತುಂಬಿಸು" ಎಂದು ಬಕೆಟ್ ಕೊಟ್ಟರು.

ನನ್ನ ಕೆಲಸ ಕಿತ್ತುಕೊಂಡ ಕೂಲರಿಗೆ ನಾನೇ ಎರಡು ಬಕೆಟ್ ನೀರು ಸುರಿದು ಬಂದೆ.