ರದ್ದು ಎಂಬ ಚೌಕ

ಆ ಹಾಳೆ ಈಗಲೂ ನನ್ನ ಫೈಲಿನಲ್ಲಿದೆ. ಎಸೆಯಲು ಮನಸ್ಸಿಲ್ಲ, ಬಿಡಿಸಿ ನೋಡಲು ಮುಖವಿಲ್ಲ.

ಎರಡು ಸಾವಿರದ ಮೂರರಲ್ಲಿ ಕೊಳ್ಳೇಗಾಲದಲ್ಲಿ ನನ್ನದೊಂದು ಪುಟ್ಟ ಕಂಪ್ಯೂಟರ್ ಸೆಂಟರ್ ಇತ್ತು. ರೈತರ ಸಂಘವೊಂದು ಬಿತ್ತನೆ ಬೀಜಕ್ಕೆ ಹೆಸರು ಬರೆಸಲು ಬೆರಳಿನಿಂದ ಮುಟ್ಟುವ ಯಂತ್ರ ತರಿಸುವುದಿತ್ತು. ಅದರ ಪರದೆಯ ಮೇಲೆ ಯಾವುದು ಎಲ್ಲಿರಬೇಕೆಂದು ಗೊತ್ತುಮಾಡುವ ಕೆಲಸ ನನ್ನದು. ಯಂತ್ರ ಕಳಿಸುವ ಕಂಪನಿಯ ಮೇಡಂ ಹೇಳಿದ್ದರು: "ಮೊದಲು ಹಾಳೆ ಮೇಲೆ ಬರೆದು ಹಳ್ಳಿಯವರ ಮುಂದಿಡಿ. ಎಲ್ಲಿ ಬೆರಳಿಡ್ತಾರೆ ನೋಡಿ. ನೀವು ಮಾತ್ರ ಬಾಯಿ ಬಿಡಬೇಡಿ." ಹಾಳೆಯ ತಪ್ಪನ್ನು ರಬ್ಬರಿನಿಂದ ಅಳಿಸಬಹುದು ಎಂಬುದು ಅವರ ವಾದ. ನನಗೋ ಇದೆಲ್ಲ ಮಕ್ಕಳಾಟ ಅನ್ನಿಸಿತು.

ಹತ್ತು ಜನರನ್ನು ಕೇಳಬೇಕಿತ್ತು. ಬಿಸಿಲಲ್ಲಿ ಯಾರು ಅಲೆಯುತ್ತಾರೆ? ನೆಟ್ಟಗೆ ಧನಗೆರೆಯ ಸೋದರತ್ತೆಯ ಮನೆಗೆ ಹೋದೆ. ಅತ್ತೆ ಆ ಸಂಘದ ಸದಸ್ಯೆ, ಬೇಸಾಯವೆಲ್ಲ ಅವಳದೇ, ಅಕ್ಷರ ಕೂಡಿಸಿಕೊಂಡು ಓದುತ್ತಿದ್ದಳು. ಅರಿಶಿನ ಕುಟ್ಟುತ್ತಿದ್ದವಳು ಅದೇ ಕೈಯಲ್ಲಿ ಬಂದು ಕೂತಳು.

ಹಾಳೆಯ ಮೇಲೆ ಅವಳ ಹೆಸರು. ಕೆಳಗೆ ಎರಡು ಚೌಕ: ಖಚಿತ, ರದ್ದು. ಬೆರಳು ರದ್ದಿನ ಮೇಲೆ ಹೋಗಿ ನಿಂತಿತು.

"ನನ್ನೆಸ್ರು ರದ್ದಾಗೋಯ್ತಾ ಮಗ?"

ನಕ್ಕೆ. ಜೋರಾಗಿಯೇ ನಕ್ಕೆ. "ಇಲ್ಲಿ ಒತ್ತು ಅತ್ತೆ" ಎಂದು ಅವಳ ಬೆರಳು ಹಿಡಿದು ಖಚಿತದ ಮೇಲಿಟ್ಟೆ. ಮೇಡಂಗೆ ಕೊಡಬೇಕಿದ್ದ ವರದಿಯಲ್ಲಿ ಸರಿ ಗುರುತು ಹಾಕಿದೆ. ಉಳಿದ ಒಂಬತ್ತು ಗುರುತುಗಳನ್ನು ಸೆಂಟರಿನ ಫ್ಯಾನಿನಡಿ ಕೂತು ಹಾಕಿದ್ದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಮುಂಗಾರಿನ ಹೊತ್ತಿಗೆ ಯಂತ್ರ ಬಂತು. ಬೀಜ ಹಂಚಿ ಹದಿನೈದು ದಿನವಾದ ಮೇಲೆ ಅತ್ತೆಯ ಊರಿಗೆ ಹೋದೆ. ಸುತ್ತಲ ಹೊಲಗಳಲ್ಲೆಲ್ಲ ಮುಸುಕಿನ ಜೋಳ ಮೊಳೆತಿತ್ತು. ಅತ್ತೆಯದು ಉತ್ತು, ಬಿತ್ತದೆ ಹಾಗೇ ಬಿದ್ದಿತ್ತು.

"ಬೀಜ ತರಲಿಲ್ವಾ ಅತ್ತೆ?"

"ಓಗಿದ್ದೆ ಕಣ್ ಮಗ. ಮುಟ್ಟುದ್ರೆ ನನ್ನೆಸ್ರು ಬಂತು, ಕೆಳೀಕೆ ರದ್ದು ಅಂತ ಬಂತು. ಸುಮ್ಕೆ ಬಂದ್ಬುಟ್ಟೆ."

"ಅಲ್ಲಿ ಯಾರನ್ನಾದ್ರೂ ಕೇಳಬಾರದಿತ್ತಾ? ನನ್ನನ್ನಾದ್ರೂ?"

"ಅವತ್ತೇ ಕೇಳುದ್ನಲ್ಲ, ನೀನು ನಗಾಡ್ದೆ."

ಸಂಘಕ್ಕೆ ಓಡಿದೆ, ಬೀಜ ಮುಗಿದಿತ್ತು. ಮನೆಗೆ ಬಂದು ಫೈಲು ತೆಗೆದರೆ ರದ್ದಿನ ಮೇಲೆ ಅರಿಶಿನದ ಬೆರಳು ಅಚ್ಚೊತ್ತಿದಂತೆ ಕೂತಿತ್ತು. ಮೇಡಂ 'ನೋಡಿ' ಎಂದದ್ದು ಅದನ್ನೇ.

ಆ ಎರಡು ಚೌಕಗಳಿಗೆ 'ಬೇಕು', 'ಬೇಡ' ಎಂದು ಬರೆಸಲು ಅರ್ಧ ದಿನವೂ ಹಿಡಿಯಲಿಲ್ಲ. ಮಾರನೆಯ ವರ್ಷ ಅತ್ತೆಯನ್ನು ನಾನೇ ಕರೆದುಕೊಂಡು ಹೋದೆ. ಹೆಸರು ಬಂತು. ಈ ಸಲ ಬಾಯಿ ಬಿಡದೆ ಪಕ್ಕದಲ್ಲಿ ನಿಂತೆ. ಬೆರಳು ಬೇಕು ಎಂಬಲ್ಲಿಗೇ ಹೋಯಿತು. ಒತ್ತುವ ಮೊದಲು ಅತ್ತೆ ಒಮ್ಮೆ ತಿರುಗಿ, ನಗುತ್ತಿದ್ದೇನೇನೋ ಎಂದು ನನ್ನ ಮುಖ ನೋಡಿದಳು.